ಹಾಯಿದೋಣಿಗೆ ಅಡುಗೆ ಒಲೆ ಮತ್ತು ಇಂಧನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್ಡಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಫ್ಯಾಬ್ರಿಕೇಶನ್ ನಡೆಯುತ್ತದೆ. ಹೋಟೆಲ್ ಭಟ್ಟಿ, ಹಾಲಿನ ಡೇರಿಯ ಟಾಕಿಗಳ ನಡುವೆ ಗೋವಾ ಕಡೆಯ ಹಾಯಿದೋಣಿಗಳ ಒಲೆ ಸ್ಟ್ಯಾಂಡು, ಸಿಲಿಂಡರ್ ಪೆಟ್ಟಿಗೆಗಳೂ ಬರುತ್ತವೆ. ಅವನ್ನು ಕಂಡವರು ಕೇಳಿದ್ದು, ದೋಣಿ ಕೊಳ್ಳಲು ಹೊರಟವರು ಫೋನಿನಲ್ಲಿ, ಪತ್ರದಲ್ಲಿ ಕೇಳಿದ್ದು ಎಲ್ಲ ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಂಡರೂ ಸಾಕು.

## ಹೊಸಬರು ಕೇಳುವುದು

ಕಾಕಾ, ಬೆಳಗಾವ್ಯಾಗ ಸಮುದ್ರ ಎಲ್ಲೈತಿ? ನಿಮಗ್ಯಾಕ ಹಾಯಿದೋಣಿ ಒಲಿ ಉಸಾಬರಿ?

ಚೋರ್ಲಾ ಘಾಟ್ ಇಳಿದರೆ ಪಣಜಿ ಸುಮಾರು 110 ಕಿಲೋಮೀಟರ್. ದೋಣಿ ಅಲ್ಲಿ ನಿಲ್ಲುತ್ತದೆ, ಎರಕ, ಲೇಥು, ವೆಲ್ಡಿಂಗ್ ಕೆಲಸ ಇಲ್ಲಿಗೆ ಬರುತ್ತದೆ. ವಿದೇಶದಿಂದ ಒಂದು ಒಲೆ ಸ್ಟ್ಯಾಂಡ್ ತರಿಸುವ ದುಡ್ಡಿನಲ್ಲಿ ಇಲ್ಲಿ ಅಳತೆಗೆ ತಕ್ಕಂತೆ ಮಾಡಿಸಿ ಮೇಲೆ ಕುಂದಾನೂ ಕಟ್ಟಿಸಿಕೊಂಡು ಹೋಗಬಹುದು.

ಮನ್ಯಾಗಿನ ಎರಡು ಬರ್ನರ್ ಗ್ಯಾಸ್ ಒಲಿನೇ ದೋಣ್ಯಾಗ ಇಟ್ರ ಏನಾಗ್ತದ್ರಿ?

ಉರಿಯುವುದೇನೋ ಉರಿಯುತ್ತದೆ, ಆದರೆ ಮೂರು ಕೊರತೆ ಇವೆ. ಮೊದಲನೆಯದು, ನಮ್ಮ ಮನೆ ಒಲೆಗಳಲ್ಲಿ ಬಹಳಷ್ಟಕ್ಕೆ ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ವ್ಯವಸ್ಥೆ ಇರುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿ ಉರಿ ಆರಿದರೆ ವಾಸನೆ ಬರುತ್ತದೆ, ಕಿಟಕಿ ತೆರೆಯುತ್ತೇವೆ. ದೋಣಿಯಲ್ಲಿ ಅದೇ ಗ್ಯಾಸ್ ತಳಕ್ಕೆ ಇಳಿದು ಕೂರುತ್ತದೆ. ದೋಣಿಗೆಂದೇ ಮಾಡಿದ ಒಲೆಯಲ್ಲಿ ಪ್ರತಿ ಬರ್ನರ್ ಪಕ್ಕ ಥರ್ಮೋಕಪಲ್ ಎಂಬ ಚಿಕ್ಕ ಕಡ್ಡಿ ಇರುತ್ತದೆ. ಉರಿ ಆರಿ ಅದು ತಣ್ಣಗಾಯಿತೆಂದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಎರಡನೆಯದು, ಪಾತ್ರೆ ಜಾರದಂತೆ ಹಿಡಿಯುವ ಕಟಕಟೆಯಾಗಲಿ ಹಿಡಿಕೆಯಾಗಲಿ ಮನೆ ಒಲೆಗೆ ಇಲ್ಲ. ಮೂರನೆಯದು ತುಕ್ಕು, ಅದನ್ನು ಮುಂದೆ ಬೇರೆಯಾಗಿ ಹೇಳಿದ್ದೇನೆ.

ಗ್ಲಾಸ್ ಟಾಪ್ ಒಲೆಯನ್ನಂತೂ ದೋಣಿಗೆ ಒಯ್ಯಲೇಬೇಡಿ.

ಸುತ್ತಿ ಬಳಸಿ ಬ್ಯಾಡ, ಒಂದ ಮಾತಿನ್ಯಾಗ ಹೇಳ್ರಿ, ಯಾವ ಇಂಧನ ಛಲೋ?

ಇಂಧನ ಎಲ್ಲಿ ಇಡುತ್ತೀರಿ ಎಂದು ಮೊದಲು ಹೇಳಿ, ಒಲೆ ಯಾವುದೆಂದು ಆಮೇಲೆ ಹೇಳುತ್ತೇನೆ. ಬಹಳ ಜನ ಬರ್ನರಿನ ಹೊಳಪು ನೋಡಿ ಒಲೆ ಕೊಳ್ಳುತ್ತಾರೆ, ಆಮೇಲೆ ಸಿಲಿಂಡರಿಗೆ ಮೂಲೆ ಹುಡುಕುತ್ತಾರೆ. ಕ್ಯಾಬಿನ್ನಿಗೆ ಸಂಬಂಧವೇ ಇಲ್ಲದ, ಹೊರಕ್ಕೆ ಗಾಳಿ ಹೋಗುವ ಪೆಟ್ಟಿಗೆಗೆ ಜಾಗ ಇದ್ದರೆ ಎಲ್‌ಪಿಜಿ. ಅಂಥ ಜಾಗವೇ ಇಲ್ಲದ ಸಣ್ಣ ದೋಣಿಯಲ್ಲಿ ರಾತ್ರಿ ತಂಗುವುದಿದ್ದರೆ ಒತ್ತಡವಿಲ್ಲದ ಸ್ಪಿರಿಟ್ ಒಲೆ. ದೊಡ್ಡ ಬ್ಯಾಟರಿ ಬ್ಯಾಂಕು, ಮೇಲೆ ಸೋಲಾರ್ ಇದ್ದರೆ ಇಂಡಕ್ಷನ್. ಉಳಿದದ್ದೆಲ್ಲ ಇವುಗಳ ಹೆಚ್ಚುಕಡಿಮೆ.

ಆಲಮಟ್ಟಿ ಹಿನ್ನೀರಿನ್ಯಾಗ, ಇಲ್ಲಾ ನವಿಲುತೀರ್ಥದ ಕಡೆ ಮುಂಜಾನಿ ಹೋಗಿ ಸಂಜಿಕ ಬರೂದು. ಅದಕ್ಕೂ ಒಲಿ ಬೇಕಾ?

ಬೇಡ. ಥರ್ಮಾಸಿನಲ್ಲಿ ಚಹಾ, ಬುತ್ತಿಯಲ್ಲಿ ರೊಟ್ಟಿ-ಪಲ್ಯ ಒಯ್ಯಿರಿ. ಬಿಸಿ ಊಟವೇ ಬೇಕಿದ್ದರೆ ದಂಡೆಗೆ ಹತ್ತಿ ಮಾಡಿಕೊಳ್ಳಿ. ನಾಲ್ಕು ಮೀಟರಿನ ತೆರೆದ ದೋಣಿಯಲ್ಲಿ ಉರಿ ಹಚ್ಚುವುದಕ್ಕೆ ನಾನು ಯಾರಿಗೂ ಒಲೆ ಮಾಡಿಕೊಟ್ಟಿಲ್ಲ, ಕೊಡುವುದೂ ಇಲ್ಲ.

## ಇಂಧನದ ಪ್ರಶ್ನೆಗಳು

ಮನ್ಯಾಗ ಎಲ್ಲಾರೂ ಗ್ಯಾಸೇ ಬಳಸ್ತೀವಿ. ದೋಣಿ ಅಂದ ಕೂಡ್ಲೆ ಅದಕ್ಕ್ಯಾಕ ಇಷ್ಟು ಅಂಜಿಸ್ತೀರಿ?

ಎಲ್‌ಪಿಜಿ ಅಂದರೆ ಪ್ರೋಪೇನ್ ಮತ್ತು ಬ್ಯೂಟೇನ್ ಬೆರಕೆ. ಎರಡೂ ಗಾಳಿಗಿಂತ ಭಾರ, ಒಂದು ಒಂದೂವರೆ ಪಟ್ಟು, ಇನ್ನೊಂದು ಎರಡು ಪಟ್ಟು. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದ ಒಂದಿಷ್ಟಾದರೂ ಹೊರಗೆ ಹರಿದು ಹೋಗುತ್ತದೆ. ದೋಣಿಯ ಹೊಟ್ಟೆ ನೀರು ಒಳಗೆ ಬರಬಾರದೆಂದು ಮಾಡಿದ್ದು, ಹಾಗಾಗಿ ಗ್ಯಾಸೂ ಹೊರಗೆ ಹೋಗುವುದಿಲ್ಲ. ಹಲಗೆಯ ಕೆಳಗೆ, ಬಿಲ್ಜ್ ಎಂಬ ತಳದ ಟೊಳ್ಳಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಕಿಡಿ ತಗುಲಿದ ಕೂಡಲೇ ಸ್ಫೋಟವಾಗುತ್ತದೆ. ಕಿಡಿಗೆ ಬೆಂಕಿಪೊಟ್ಟಣವೇ ಬೇಕೆಂದಿಲ್ಲ. ಅಲ್ಲಿಯ ನೀರು ಎತ್ತುವ ಬಿಲ್ಜ್ ಪಂಪಿನ ಮೋಟಾರು ತಾನೇ ಚಾಲೂ ಆದರೂ ಆಯಿತು.

ಎಚ್ಚರಕ್ಕೆಂದು ಗ್ಯಾಸಿಗೆ ಮರ್ಕ್ಯಾಪ್ಟನ್ ವಾಸನೆ ಬೆರೆಸಿರುತ್ತಾರೆ. ಆದರೆ ಮೂಗು ಮೇಲಿರುತ್ತದೆ, ಗ್ಯಾಸ್ ಕೆಳಗಿರುತ್ತದೆ. ಅದಕ್ಕೇ ಡಿಟೆಕ್ಟರನ್ನು ಒಲೆಯ ಕೆಳಗೆ, ನೆಲಮಟ್ಟದಲ್ಲಿ ಹಾಕಬೇಕು. ನೀರು ಸಿಡಿಯುವಷ್ಟು ಕೆಳಗೂ ಬೇಡ.

ಇಷ್ಟೆಲ್ಲ ಹೇಳಿದರೂ ನನ್ನ ಮೊದಲ ಆಯ್ಕೆ ಗ್ಯಾಸೇ. ಹಚ್ಚಿದ ಕ್ಷಣ ಉರಿ, ಮಸಿ ಇಲ್ಲ, ಯಾವ ಊರಿಗೆ ಹೋದರೂ ಸಿಗುತ್ತದೆ. ಅಡುಗೆ ಮುಗಿದಾಗ ಮೊದಲು ಸಿಲಿಂಡರ್ ಮುಚ್ಚಿ, ನಳಿಗೆಯಲ್ಲಿ ಉಳಿದದ್ದು ಉರಿದು ತಾನೇ ಆರಿದ ಮೇಲೆ ಒಲೆಯ ಕಿವಿ ತಿರುಗಿಸುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಅಪಾಯ ಅಲ್ಲಿಗೇ ಮುಗಿಯಿತು.

ಅಜ್ಜನ ಕಾಲದ ಪಂಪ್ ಸ್ಟೋ ಅಟ್ಟದ ಮ್ಯಾಲೈತಿ. ಚಿಮಣಿ ಎಣ್ಣಿ ಒಲಿನೇ ಸುರಕ್ಷಿತ ಅಂತಾರಲ್ಲ?

ಸ್ವೀಡನ್ನಿನ ಲಿಂಡ್ಕ್ವಿಸ್ಟ್ 1892ರಲ್ಲಿ ಬತ್ತಿಯಿಲ್ಲದ ಪ್ರೈಮಸ್ ಒಲೆ ತಂದ ಮೇಲೆ ದೂರ ಹೋಗುವ ಹಾಯಿದೋಣಿಗಳಲ್ಲಿ ಬಹುಕಾಲ ಅದರದ್ದೇ ರಾಜ್ಯ. ಕಾರಣ ಸರಳ. ಚಿಮಣಿ ಎಣ್ಣೆ ಚೆಲ್ಲಿದರೂ ಥಟ್ಟನೆ ಹೊತ್ತಿಕೊಳ್ಳುವುದಿಲ್ಲ, ಸ್ಫೋಟವಾಗುವ ಹಾಗೆ ಬಿಲ್ಜಿನಲ್ಲಿ ತುಂಬಿ ನಿಲ್ಲುವುದಿಲ್ಲ, ಲೀಟರಿಗೆ ಕೊಡುವ ಶಾಖವೂ ಹೆಚ್ಚು.

ಕಷ್ಟ ಇರುವುದು ಹಚ್ಚುವುದರಲ್ಲಿ. ನೋಡಿದವರಿಗೆ ಗೊತ್ತು: ಗಾಳಿ ತಿರುಪು ಸಡಿಲಿಟ್ಟು, ಬರ್ನರ್ ಬುಡದ ಬಟ್ಟಲಿಗೆ ಸ್ಪಿರಿಟ್ ಹನಿಸಿ, ಕಡ್ಡಿ ಗೀರಿ ಕಾಯಬೇಕು. ಸ್ಪಿರಿಟ್ ಇನ್ನೇನು ಮುಗಿಯುತ್ತದೆ ಅನ್ನುವಾಗ ತಿರುಪು ಬಿಗಿದು ನಾಲ್ಕು ಸಲ ಪಂಪ್ ಹೊಡೆದರೆ ನೀಲಿ ಉರಿ ಸುಂಯ್ ಎಂದು ಏಳುತ್ತದೆ. ಬರ್ನರ್ ಕಾಯುವ ಮೊದಲೇ ಪಂಪ್ ಹೊಡೆದರೆ ಎಣ್ಣೆ ಆವಿಯಾಗದೆ ಹಸಿಯಾಗಿಯೇ ಚಿಮ್ಮಿ, ಮಾರೆತ್ತರದ ಹಳದಿ ಜ್ವಾಲೆ ಚಾವಣಿ ಮುಟ್ಟುತ್ತದೆ. ಮನೆ ಕಟ್ಟೆಯ ಮೇಲೆ ಇದೆಲ್ಲ ನಡೆದೀತು. ದೋಣಿ ಹೊಯ್ದಾಡುವಾಗ ಆ ಬಟ್ಟಲಿನ ಸ್ಪಿರಿಟ್ ಹೊರಚೆಲ್ಲಿ ಉರಿಯುತ್ತಾ ಹರಿಯುತ್ತದೆ. ಜೊತೆಗೆ ನಿಪ್ಪಲ್ ಕಟ್ಟಿಕೊಂಡಾಗಲೆಲ್ಲ ಪಿನ್ ಹಾಕಬೇಕು.

ಇನ್ನು ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆ ಮೊದಲಿನಂತೆ ಸಿಗುವುದಿಲ್ಲ. ಎಣ್ಣೆ ಖಾತ್ರಿಯಾಗಿ ಸಿಗುವ ದಾರಿ ಇದ್ದು, ಹಚ್ಚುವ ಕೈ ಪಳಗಿದ್ದರೆ ಮಾತ್ರ ಅಟ್ಟದಿಂದ ಇಳಿಸಿ. ಇಲ್ಲದಿದ್ದರೆ ಹಿತ್ತಾಳೆಯದ್ದಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಶೋಕೇಸಿನಲ್ಲಿ ಇಡಿ.

ನಮ್ಮ ಕಡೆ ಊರಿಗೊಂದು ಸಕ್ಕರಿ ಕಾರ್ಖಾನಿ, ಇಥೆನಾಲ್ ಹೊಳಿ ಹರದಂಗ ಹರೀತದ. ಸ್ಪಿರಿಟ್ ಒಲಿ ನಮಗ ಸೋವಿ ಆಗೂದಿಲ್ಲೇನ್ರಿ?

ಮುಧೋಳ, ಜಮಖಂಡಿ, ಗೋಕಾಕ, ರಾಯಬಾಗದವರು ಇದನ್ನು ಕೇಳದೆ ಬಿಡುವುದಿಲ್ಲ. ಕಾಕಂಬಿಯಿಂದ, ಕಬ್ಬಿನ ರಸದಿಂದ ತೆಗೆದ ಇಥೆನಾಲ್ ಪೆಟ್ರೋಲಿಗೆ ಬೆರೆಯಲು ಹೋಗುತ್ತದೆ. ಅದು ಅಬಕಾರಿ ಲೆಕ್ಕದ ಸರಕು, ಡಿಸ್ಟಿಲರಿಯ ಗೇಟಿನಲ್ಲಿ ಕ್ಯಾನ್ ಹಿಡಿದು ನಿಂತರೆ ಯಾರೂ ಹಾಕಿಕೊಡುವುದಿಲ್ಲ. ಒಲೆಗೆ ಬೇಕಾದದ್ದು ಡಿನೇಚರ್ಡ್ ಸ್ಪಿರಿಟ್, ಅದನ್ನು ಪರವಾನಗಿ ಇದ್ದವರಿಂದ ಬಿಲ್ ಸಮೇತ ಕೊಳ್ಳಬೇಕು. ಕುಡಿಯಬಾರದೆಂದೇ ಅದಕ್ಕೆ ವಿಷ ಬೆರೆಸಿರುತ್ತಾರೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ, ನೀರಿನ ಬಾಟಲಿಗೆ ಎಂದೂ ತುಂಬಬೇಡಿ.

ಒಲೆಗಳಲ್ಲಿ ಎರಡು ಜಾತಿ. ಪಂಪ್ ಹೊಡೆಯುವ ಸ್ಪಿರಿಟ್ ಒಲೆ ಬೇಡ, ಅದಕ್ಕೆ ಪಂಪ್ ಸ್ಟೋವಿನ ಎಲ್ಲ ತಾಪತ್ರಯ ಇವೆ, ಗುಣ ಒಂದೂ ಇಲ್ಲ. ಇನ್ನೊಂದು ಒತ್ತಡವಿಲ್ಲದ, ಒರಿಗೋ ಮಾದರಿಯದು. ಡಬ್ಬಿಯೊಳಗೆ ಉಣ್ಣೆಯಂಥ ಹೀರುವ ವಸ್ತು ತುಂಬಿದ್ದು, ಸ್ಪಿರಿಟನ್ನು ಅದೇ ಕುಡಿದಿಟ್ಟುಕೊಳ್ಳುತ್ತದೆ. ಬೋರಲು ಬಿದ್ದರೂ ಹರಿದುಹೋಗುವುದಿಲ್ಲ. ಸಣ್ಣ ದೋಣಿಗೆ ಇದಕ್ಕಿಂತ ಸರಳವಾದದ್ದಿಲ್ಲ.

ಆದರೆ ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಎಂದುಕೊಂಡು ಬಿಸಿ ಡಬ್ಬಿಗೆ ಮತ್ತೆ ಸುರಿಯುವುದೇ ಈ ಒಲೆಯ ಮುಖ್ಯ ಅಪಘಾತ. ಡಬ್ಬಿ ಹೊರಗೆ ತೆಗೆದು, ಪೂರ್ತಿ ತಣಿಸಿ, ಡೆಕ್ಕಿನ ಮೇಲೆ ತುಂಬಿ. ಸ್ಪಿರಿಟ್ ಬೆಂಕಿಗೆ ನೀರು ನಡೆಯುತ್ತದೆ ಅನ್ನುವುದು ನಿಜ, ಎರಡೂ ಬೆರೆಯುತ್ತವೆ. ಆದರೆ ಒಂದು ಲೋಟ ಎರಚಿದರೆ ಉರಿಯುವ ಸ್ಪಿರಿಟ್ ಹರಡುತ್ತದಷ್ಟೆ, ಸುರಿದರೆ ಸಾಕಷ್ಟು ಸುರಿಯಬೇಕು.

ಇಥೆನಾಲ್ ಒಲೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಸಾತಾರಾ ಜಿಲ್ಲೆ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅರ್ಧಕ್ಕರ್ಧ ನೀರು ಬೆರೆತ ಇಥೆನಾಲಿನಲ್ಲೂ ಉರಿಯುವ ಅಡುಗೆ ಒಲೆ ಮಾಡಿ ತೋರಿಸಿದ್ದಾರೆ. ಅದು ಹಳ್ಳಿಮನೆಗೆಂದು ಮಾಡಿದ್ದು, ದೋಣಿಗಲ್ಲ.

ಕ್ಯಾಂಪಿಂಗಿನ ಸಣ್ಣ ಬ್ಯೂಟೇನ್ ಡಬ್ಬಿ ಒಲಿ ಆನ್‌ಲೈನ್‌ದಾಗ ಭಾಳ ಸೋವಿ ಅದಾವು. ತಗೋಬೇಕೇನ್ರಿ?

ಲಂಗರು ಹಾಕಿದಾಗ, ಡೆಕ್ಕಿನ ಮೇಲೆ ಚಹಾ ಕಾಸಲು ಅಡ್ಡಿಯಿಲ್ಲ. ತೆಳು ತಗಡಿನ ಡಬ್ಬಿ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಮೊದಲು ತೂತು ಬೀಳುವುದು ಅಂಚಿನ ಮಡಿಕೆಯಲ್ಲಿ. ಒಳಗಿರುವುದು ಅದೇ ಭಾರವಾದ ಗ್ಯಾಸು. ಹಾಗಾಗಿ ಖಾಲಿಯಾಗದ ಡಬ್ಬಿಗಳನ್ನು ಕ್ಯಾಬಿನ್ನಿನ ಕಪಾಟಿನಲ್ಲಿ ಇಡುವಂತಿಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ತುಂಬಿಸುವ ಪಿತ್ತಾಳೆ ಅಡಾಪ್ಟರ್ ಮಾರುತ್ತಾರೆ, ಅದರ ಸಹವಾಸ ಬೇಡ.

ಡೀಸೆಲ್ ಇಂಜಿನ್ನಿಗೆ ಹ್ಯಾಂಗೂ ಇರ್ತದ. ಅದರ ಒಲಿನೇ ಹಾಕಿದ್ರ?

ಡೀಸೆಲ್ ಒಲೆ ಚಳಿದೇಶದ್ದು. ಅಡುಗೆಯ ಜೊತೆ ಕ್ಯಾಬಿನ್ ಕಾಯಿಸುವುದೂ ಅದರ ಕೆಲಸ. ಕಾರವಾರ, ಗೋವಾದ ಏಪ್ರಿಲಿನಲ್ಲಿ ಅದರ ಪಕ್ಕ ನಿಂತು ಒಗ್ಗರಣೆ ಹಾಕಿ ನೋಡಿ, ಗೊತ್ತಾಗುತ್ತದೆ.

ಮೂರು ಮಂದಿಗೆ ದಿನಕ್ಕ ಎಷ್ಟು ಇಂಧನ ಹೋಗ್ತದ? ಲೆಕ್ಕ ಹಾಕೂದು ಹ್ಯಾಂಗ?

ಒಂದು ಲೀಟರ್ ನೀರನ್ನು ಕೋಣೆಯ ಬಿಸಿಯಿಂದ ಕುದಿಯವರೆಗೆ ತರಲು ಬೇಕಾಗುವ ಶಾಖ ಸುಮಾರು 314 ಕಿಲೋಜೂಲ್. ಒಲೆಯ ಶಾಖದಲ್ಲಿ ಅರ್ಧದಷ್ಟು ಗಾಳಿಪಾಲು ಎಂದು ಹಿಡಿದರೆ ಅದಕ್ಕೆ 12-13 ಗ್ರಾಂ ಎಲ್‌ಪಿಜಿ, ಇಲ್ಲವೇ 18 ಮಿಲಿಲೀಟರ್ ಚಿಮಣಿ ಎಣ್ಣೆ, ಇಲ್ಲವೇ 30 ಮಿಲಿಲೀಟರ್ ಸ್ಪಿರಿಟ್ ಸಾಕು. ಸ್ಪಿರಿಟಿಗೆ ಶಾಖ ಕಡಿಮೆ, ಡಬ್ಬಿ ಹೆಚ್ಚು ಹೊರಬೇಕು.

ಮೂವರಿಗೆ ಚಹಾ, ಎರಡು ಹೊತ್ತು ಅನ್ನ-ಬೇಳೆ-ಪಲ್ಯ ಎಂದರೆ ದಿನಕ್ಕೆ 200ರಿಂದ 250 ಗ್ರಾಂ ಗ್ಯಾಸ್ ಹಿಡಿಯಿರಿ. 5 ಕೆಜಿ ಸಿಲಿಂಡರ್ ಸುಮಾರು ಇಪ್ಪತ್ತು ದಿನ ಬಂತು. ಅದೇ ಅಡುಗೆಗೆ ಸ್ಪಿರಿಟ್ ಆದರೆ ದಿನಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ದಿನದ ಸವಾರಿಗೆ ಇದು ಲೆಕ್ಕಕ್ಕಿಲ್ಲ, ಕೊಚ್ಚಿವರೆಗೆ ಹೋಗುವವರಿಗೆ ಲೆಕ್ಕಕ್ಕುಂಟು.

ಬೆಳಗಾವಿಯಿಂದ ಸಿಲಿಂಡರ್ ಒಯ್ಯಬೇಕಾ, ಅಲ್ಲೇ ತಗೋಬೇಕಾ?

ಅಲ್ಲೇ ತೆಗೆದುಕೊಳ್ಳಿ. ಬಸ್ಸಿನಲ್ಲಿ, ರೈಲಿನಲ್ಲಿ ಸಿಲಿಂಡರ್ ಒಯ್ಯುವಂತಿಲ್ಲ. ಗುರುತಿನ ಚೀಟಿ ತೋರಿಸಿದರೆ ಕನೆಕ್ಷನ್ ಇಲ್ಲದವರಿಗೂ 5 ಕೆಜಿ ಸಿಲಿಂಡರ್ ಕೊಡುತ್ತಾರೆ. 14.2 ಕೆಜಿಯದ್ದು ದೋಣಿಯ ಪೆಟ್ಟಿಗೆಯಲ್ಲಿ ಕೂರುವುದೇ ಕಷ್ಟ. ಕಾಂಪೋಸಿಟ್ ಸಿಲಿಂಡರ್ ಸಿಕ್ಕರೆ ಬಿಡಬೇಡಿ: ತೂಕ ಕಡಿಮೆ, ತುಕ್ಕಿಲ್ಲ, ಒಳಗೆಷ್ಟು ಉಳಿದಿದೆ ಎಂದು ಹೊರಗಿನಿಂದಲೇ ಕಾಣುತ್ತದೆ.

## ಅಡುಗೆ ಮಾಡುವವರ ಪ್ರಶ್ನೆ

ಸರ, ರೊಟ್ಟಿ ಬಡಿಯಾಕ ಆಗ್ತದೋ ಇಲ್ಲೋ ಅದನ್ನಷ್ಟು ಹೇಳ್ರಿ.

ಲಂಗರು ಹಾಕಿದ ದೋಣಿಯಲ್ಲಿ ಆಗುತ್ತದೆ. ಹಂಚು ಹಿಡಿಯುವಷ್ಟು ಅಗಲದ ಕಟಕಟೆ ಇರಬೇಕು, ಉರಿ ಜೋರಿರಬೇಕು. ಸ್ಪಿರಿಟ್ ಒಲೆಯ ಮೆತ್ತನೆ ಉರಿಗೆ ಜೋಳದ ರೊಟ್ಟಿ ಉಬ್ಬುವುದು ಕಷ್ಟ, ಒಣಗಿ ಸೀಳುತ್ತದೆ. ಹಾಯಿ ಏರಿಸಿ ಹೊರಟ ಮೇಲಂತೂ ಹಿಟ್ಟು ನಾದುವ ಮಾತೇ ಬೇಡ.

ಆದರೆ ಕಡಕ್ ರೊಟ್ಟಿ ಇದೆಯಲ್ಲ. ಹಡಗಿನವರು ಹಿಂದೆ ಒಯ್ಯುತ್ತಿದ್ದ ಗಟ್ಟಿ ಬಿಸ್ಕೀಟಿಗಿಂತ ಅದು ನೂರು ಪಾಲು ಮೇಲು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಜೊತೆಗಿದ್ದರೆ ಒಂದು ಹೊತ್ತಿನ ಒಲೆಯೇ ಉಳಿಯಿತು. ಸಮುದ್ರದ ಹಸಿಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಾಯಿ ಬಿಗಿ ಇರುವ ಡಬ್ಬಿಯಲ್ಲಿ ಇಡಿ. ಮೆತ್ತಗಾದದ್ದನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ಸುತ್ತು ತಿರುವಿದರೆ ಮತ್ತೆ ಗರಿಗರಿ.

ಯಾವ ಪಾತ್ರಿ ಒಯ್ಯಬೇಕು?

ಮೂರು ಲೀಟರ್ ಕುಕ್ಕರ್ ಒಂದಿದ್ದರೆ ಮುಕ್ಕಾಲು ಅಡುಗೆ ಆಯಿತು. ಮುಚ್ಚಳ ಬಿಗಿಯುವುದರಿಂದ ಮಗುಚಿದರೂ ಕುದಿನೀರು ಮೈಮೇಲೆ ಬೀಳುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಹೊಯ್ದಾಟ ಇರುವಾಗ ಎಣ್ಣೆಯಲ್ಲಿ ಕರಿಯುವುದು ಕೂಡದು, ಮಿರ್ಚಿ ಭಜಿ ದಡದ ಮೇಲೆ. ಒಲೆ ಮುಂದೆ ನಿಂತಾಗ ಬರಿಗಾಲಿನಲ್ಲಿ ಇರಬೇಡಿ.

## ಜೋಡಣೆ, ಫಿಟ್ಟಿಂಗು

ದೋಣಿ ವಾಲಿದ್ರೂ ಒಲಿ ಸಪಾಟ ನಿಲ್ಲೂ ಜೋಲಿ ಸ್ಟ್ಯಾಂಡ್ ಮಾಡಿಸ್ಬೇಕು. ಅದರ ಅಳತಿ ಹ್ಯಾಂಗ ತಗೀತೀರಿ?

ಇದಕ್ಕೆ ಗಿಂಬಲ್ ಎನ್ನುತ್ತಾರೆ. ಒಲೆಯನ್ನು ಎರಡು ಪಕ್ಕದ ಗೂಟಗಳ ಮೇಲೆ ತೊಟ್ಟಿಲಿನಂತೆ ತೂಗಬಿಟ್ಟಿರುತ್ತಾರೆ. ಗೂಟಗಳ ಸಾಲು ದೋಣಿಯ ಉದ್ದಕ್ಕೆ ಇರಬೇಕು, ಏಕೆಂದರೆ ಹಾಯಿದೋಣಿ ವಾಲುವುದು ಅಡ್ಡಕ್ಕೆ. ಎರಡೂ ಕಡೆಗೆ 30 ಡಿಗ್ರಿಯಾದರೂ ತಡೆಯಿಲ್ಲದೆ ತೂಗಬೇಕು, ಅಷ್ಟು ಜಾಗ ಹಿಂದೆ ಮುಂದೆ ಬಿಡಿ.

ಕೆಲಸ ಕೆಡುವುದು ಗೂಟದ ಎತ್ತರದಲ್ಲಿ. ಖಾಲಿ ಒಲೆಯನ್ನು ತೂಗಿಸಿ ಚೆನ್ನಾಗಿದೆ ಅಂದರೆ ಆಗಲಿಲ್ಲ. ಮೇಲೆ ತುಂಬಿದ ಪಾತ್ರೆ ಇಟ್ಟಾಗ ಒಟ್ಟು ಭಾರದ ಕೇಂದ್ರ ಮೇಲೇರುತ್ತದೆ. ಅದು ಗೂಟದ ಸಾಲನ್ನು ದಾಟಿ ಮೇಲೆ ಹೋದರೆ ಒಲೆ ತೂಗುವುದಿಲ್ಲ, ಮಗುಚುತ್ತದೆ. ಅದಕ್ಕೆ ನಮ್ಮ ಶೆಡ್ಡಿನಲ್ಲಿ ಐದು ಲೀಟರ್ ನೀರಿನ ಪಾತ್ರೆಯನ್ನು ಒಂದೇ ಬರ್ನರ್ ಮೇಲಿಟ್ಟು ಕೈಯಿಂದ ದೂಡಿ ನೋಡುತ್ತೇವೆ. ತಾನಾಗಿ ಸಮಕ್ಕೆ ಮರಳದಿದ್ದರೆ ಗೂಟ ಮೇಲೆತ್ತಬೇಕು, ಇಲ್ಲ ಒಲೆಯ ತಳಕ್ಕೆ ಸೀಸದ ಪಟ್ಟಿ ಬಿಗಿಯಬೇಕು.

ಗೂಟವೂ ಸ್ಟೇನ್‌ಲೆಸ್, ಅದು ಕೂರುವ ಬಳೆಯೂ ಸ್ಟೇನ್‌ಲೆಸ್ ಇದ್ದರೆ ಕೆಲವೇ ತಿಂಗಳಲ್ಲಿ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ನಡುವೆ ಗನ್‌ಮೆಟಲ್ ಅಥವಾ ನೈಲಾನ್ ಬುಶ್ ಇರಲಿ. ನಿಂತಾಗ ಬಿಗಿಯಲು ಚಿಲಕ, ಮುಂದುಗಡೆ ಅಡುಗೆಯವರು ಒಲೆಯ ಮೇಲೆ ಬೀಳದಂತೆ ತಡೆಯುವ ಗಟ್ಟಿ ಅಡ್ಡಕಂಬಿ, ಇವೆರಡನ್ನೂ ಬಿಡಬೇಡಿ. ಎರಡು ಹೊಟ್ಟೆಯ ಕ್ಯಾಟಮರಾನ್ ಹೆಚ್ಚು ವಾಲುವುದಿಲ್ಲ, ಅದಕ್ಕೆ ಗಿಂಬಲ್ ಬೇಡ, ಕಟಕಟೆ ಸಾಕು.

ಸಿಲಿಂಡರ್ ಪೆಟಿಗಿ ಬರೋಬ್ಬರಿ ಐತಿ ಅಂತ ನಮಗ ಗೊತ್ತಾಗೂದು ಹ್ಯಾಂಗ?

ಪೆಟ್ಟಿಗೆಗೆ ಬಾಯಿ ಮೇಲ್ಗಡೆ ಮಾತ್ರ ಇರಬೇಕು. ತಳದಲ್ಲಿ ಮುಕ್ಕಾಲು ಇಂಚಿನ ಕೊಳವೆ ದೋಣಿಯ ಹೊರಕ್ಕೆ ಇಳಿಜಾರಾಗಿ ಹೋಗಬೇಕು. ಅದರ ಹೊರಬಾಯಿ ದೋಣಿ ವಾಲಿದಾಗಲೂ ನೀರಿಗಿಂತ ಮೇಲಿರಬೇಕು. ಪರೀಕ್ಷೆಗೆ ಯಂತ್ರ ಬೇಡ: ಪೆಟ್ಟಿಗೆಗೆ ಒಂದು ಕೊಡ ನೀರು ಸುರಿಯಿರಿ. ಎಲ್ಲ ಹೊರಗೆ ಹೋದರೆ ಸರಿ. ಕ್ಯಾಬಿನ್ ಕಡೆ ಒಂದು ಹನಿ ಜಿನುಗಿದರೂ ಗ್ಯಾಸ್ ಅದೇ ದಾರಿ ಹಿಡಿಯುತ್ತದೆ.

ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಪಟ್ಟಿಯಿಂದ ಬಿಗಿದಿರಬೇಕು. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ಬರುತ್ತದೆ. ನಳಿಗೆಗೆ ನಡುದಾರಿಯಲ್ಲಿ ಜೋಡಣೆ ಬೇಡ, ಪೆಟ್ಟಿಗೆಯಿಂದ ಒಲೆಯವರೆಗೆ ಒಂದೇ ತುಂಡು. ಪೆಟ್ಟಿಗೆಯೊಳಗೆ, ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಒಲೆಯ ಕಿವಿಗಳನ್ನು ಮುಚ್ಚಿ, ಸಿಲಿಂಡರ್ ಒಮ್ಮೆ ತೆರೆದು ಮುಚ್ಚಿ, ಹತ್ತು ನಿಮಿಷ ಬಿಟ್ಟು ಮುಳ್ಳು ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಸಾಬೂನು ನೊರೆ ಹಚ್ಚಿ ಹುಡುಕಿ. ಚಿಕ್ಕ ದೋಣಿಗಳ ಎಲ್‌ಪಿಜಿ ಜೋಡಣೆಗೆಂದೇ ಐಎಸ್‌ಒ 10239 ಎಂಬ ಮಾನದಂಡ ಇದೆ. ದೋಣಿಯ ವಿಮೆ ಮಾಡಿಸುವವರು ಅದನ್ನು ಕೇಳಿಟ್ಟುಕೊಳ್ಳಿ.

ಸ್ಟೀಲ್ ಅಂತ ಹೇಳಿ ಕೊಟ್ಟಿದ್ರು, ಒಂದ ಮಳಿಗಾಲಕ್ಕ ಕೆಂಪಾಗೇತಿ. ಮ್ಯಾಗ್ನೆಟ್ ಹಿಡದು ನೋಡೇ ತಗೊಂಡಿದ್ದೆ!

ಸ್ಟೇನ್‌ಲೆಸ್ ಸ್ಟೀಲಿನಲ್ಲಿ 202, 304, 316 ಎಂದು ಗ್ರೇಡುಗಳಿವೆ. ಮ್ಯಾಗ್ನೆಟ್ಟಿಗೆ 202ಕ್ಕೂ 304ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಅಂಟುವುದಿಲ್ಲ. ಸೋವಿ ಒಲೆಗಳಿಗೆ ಬಳಸುವುದು ಸಾಮಾನ್ಯವಾಗಿ ನಿಕ್ಕಲ್ ಕಡಿಮೆ ಇರುವ 202. ಬೆಳಗಾವಿ ಅಡುಗೆಮನೆಯಲ್ಲಿ ಅದು ವರ್ಷಗಟ್ಟಲೆ ಹೊಳೆಯುತ್ತದೆ, ಉಪ್ಪುನೀರಿಗೆ ನಿಲ್ಲುವುದಿಲ್ಲ. 304 ಕೂಡ ಸಮುದ್ರದಲ್ಲಿ ಕಂದು ಕಲೆ ತೋರುತ್ತದೆ. ಮಾಲಿಬ್ಡಿನಮ್ ಸೇರಿದ 316 ದೋಣಿಗೆ ಸರಿಯಾದದ್ದು. ಶೀಟ್ ಕೊಳ್ಳುವಾಗ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ. 316 ಹಾಕಿ, ವೆಲ್ಡಿಂಗಿಗೆ 308 ರಾಡ್ ಬಳಸಿದರೆ ತುಕ್ಕು ಸರಿಯಾಗಿ ಬೆಸುಗೆಯ ಗೆರೆಯಲ್ಲೇ ಏಳುತ್ತದೆ, 316ಎಲ್ ರಾಡೇ ಬೇಕು.

ಲಿಥಿಯಂ ಬ್ಯಾಟರಿ, ಸೋಲಾರ್ ಅದಾವು. ಇಂಡಕ್ಷನ್ ಹಾಕಿ ಗ್ಯಾಸ್ ತಗದ ಒಗೀಲೇನು?

1500 ವ್ಯಾಟಿನ ಇಂಡಕ್ಷನ್ ಪೂರ್ತಿ ಉರಿದರೆ 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರ್ ನಷ್ಟ ಸೇರಿ ಸುಮಾರು 140 ಆಂಪಿಯರ್ ಎಳೆಯುತ್ತದೆ. ಬೆರಳು ದಪ್ಪದ ಕೇಬಲ್ಲು, ಸರಿಯಾದ ಫ್ಯೂಸು ಇಲ್ಲದಿದ್ದರೆ ಗ್ಯಾಸಿನ ಅಪಾಯ ತಪ್ಪಿಸಲು ಹೋಗಿ ವೈರಿಗೆ ಬೆಂಕಿ ಹಚ್ಚಿಕೊಂಡಂತೆ. ಶಾಖದ ಲೆಕ್ಕ ಮಾತ್ರ ಅಷ್ಟು ಭಯಂಕರವಲ್ಲ: ಒಂದು ಲೀಟರ್ ನೀರು ಕುದಿಸಲು ಸುಮಾರು 10 ಆಂಪಿಯರ್-ಅವರ್. 200 ಆಂಪಿಯರ್-ಅವರ್ ಲಿಥಿಯಂ, 400 ವ್ಯಾಟ್ ಪ್ಯಾನೆಲ್ ಇದ್ದರೆ ಬಿಸಿಲು ಕಾಲದಲ್ಲಿ ಇಬ್ಬರ ಅಡುಗೆ ಆರಾಮ. ಮೋಡ ಕವಿದ ದಿನಕ್ಕೆಂದು ಒಂದು ಸ್ಪಿರಿಟ್ ಒಲೆ ಮೂಲೆಯಲ್ಲಿರಲಿ.

ಇಂಡಕ್ಷನ್ನಿಗೆ ಇನ್ನೊಂದು ಗುಣ ಉಂಟು, ಕ್ಯಾಬಿನ್ ಒದ್ದೆಯಾಗುವುದಿಲ್ಲ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಉರಿಯುವ ಒಲೆ ಯಾವುದೇ ಇರಲಿ, ಕಾರ್ಬನ್ ಮೊನಾಕ್ಸೈಡ್ ಭಯವೂ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಹ್ಯಾಚ್, ಅಂದರೆ ಡೆಕ್ಕಿನ ಕಿಂಡಿಯ ಮುಚ್ಚಳ, ತೆರೆದಿಟ್ಟೇ ಅಡುಗೆ ಮಾಡಿ, ಮಲಗುವ ಜಾಗದಲ್ಲಿ ಅದರ ಅಲಾರಂ ಹಾಕಿ.

ಬೆಂಕಿ ಆರಿಸೂ ಸಿಲಿಂಡರ್ ಒಲಿ ಹಿಂದಿನ ಗ್ವಾಡಿಗೆ ಹಾಕಿದ್ರ ನಡೀತದ?

ಇಲ್ಲ. ಒಲೆಗೆ ಬೆಂಕಿ ಬಿದ್ದಾಗ ಅದರ ಮೇಲಿಂದ ಕೈ ಚಾಚಬೇಕಾಗುತ್ತದೆ. ಹೊರಗೆ ಹೋಗುವ ಮೆಟ್ಟಿಲ ಹತ್ತಿರ ಇರಲಿ, ಅಲ್ಲೇ ಒಂದು ಫೈರ್ ಬ್ಲಾಂಕೆಟ್ ಕೂಡ. ಎಣ್ಣೆ ಬೆಂಕಿಗೆ ನೀರು ಬೇಡ, ಬ್ಲಾಂಕೆಟ್ ಮುಚ್ಚಿ. ಗ್ಯಾಸ್ ಬೆಂಕಿಗೆ ಮೊದಲು ಸಿಲಿಂಡರ್ ಮುಚ್ಚಿ. ಗ್ಯಾಸ್ ಬರುತ್ತಲೇ ಇರುವಾಗ ಉರಿ ಮಾತ್ರ ಆರಿಸಿದರೆ ಗ್ಯಾಸ್ ತಳಕ್ಕೆ ತುಂಬಿ ಮತ್ತೆ ಹೊತ್ತಿಕೊಳ್ಳುತ್ತದೆ.

ಯುರೋಪಿನ ಹಳೆ ದೋಣಿ ತಗೊಂಡೀನಿ, ಒಲಿ ಅದರ ಜೋಡೀನೇ ಬಂದೈತಿ. ನಮ್ಮ ಸಿಲಿಂಡರ್ ಹತ್ತೂದಿಲ್ಲ. ಏನ್ ಮಾಡ್ಲಿ?

ಒಲೆಯ ಹಿಂಬದಿಯ ತಗಡಿನ ಪಟ್ಟಿಯಲ್ಲಿ ಗ್ಯಾಸಿನ ಒತ್ತಡ ಎಷ್ಟು ಮಿಲಿಬಾರ್ ಎಂದು ಕೊರೆದಿರುತ್ತದೆ, ಮೊದಲು ಅದನ್ನು ಓದಿ. ನಮ್ಮ ಮನೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್. ಪಟ್ಟಿಯಲ್ಲಿ 28ರಿಂದ 30 ಇದ್ದರೆ ಒಲೆ ಹಾಗೆಯೇ ನಡೆಯುತ್ತದೆ. ಹಳೆಯ ಜರ್ಮನ್ ದೋಣಿಗಳಲ್ಲಿ 50 ಇರುವುದುಂಟು. ಅದನ್ನು ನಮ್ಮ ರೆಗ್ಯುಲೇಟರಿಗೆ ಕೂಡಿಸಿದರೆ ಉರಿ ಸಣ್ಣದಾಗುತ್ತದೆ, ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಣುಕು, ಅಂದರೆ ಜೆಟ್ ಬದಲಿಸಬೇಕು. ಜೆಟ್ಟಿನ ತೂತನ್ನು ಸೂಜಿ ಹಾಕಿ ಅಗಲ ಮಾಡುವ ಮಿಸ್ತ್ರಿಗಳಿದ್ದಾರೆ, ಕೊಡಬೇಡಿ. ತಯಾರಕರ 30 ಮಿಲಿಬಾರ್ ಜೆಟ್ಟನ್ನೇ ತರಿಸಿ.

ಆ ದೇಶದ ಸಿಲಿಂಡರ್ ಇಲ್ಲಿ ತುಂಬಿಸಲು ಪರದಾಡಬೇಡಿ. ರೆಗ್ಯುಲೇಟರಿನಿಂದ ಹಿಡಿದು ಸಿಲಿಂಡರ್ ಕಡೆಯದ್ದೆಲ್ಲ ಭಾರತದ್ದಾಗಲಿ, ಅಲ್ಲಿಂದಾಚೆ ಒಲೆಯವರೆಗಿನ ಹಳೆ ನಳಿಗೆಯನ್ನು ಹೇಗಿದ್ದರೂ ಕಿತ್ತು ಹೊಸದು ಹಾಕಿ. ರಬ್ಬರಿನ ಮೇಲೆ ಅಚ್ಚಾದ ವರ್ಷ ನೋಡಿದರೆ ಏಕೆಂದು ಗೊತ್ತಾಗುತ್ತದೆ. ಬಗ್ಗಿಸಿದಾಗ ಬಿರುಕು ಕಾಣದಿದ್ದರೂ ಐದು ವರ್ಷ ದಾಟಿದ್ದನ್ನು ಇಟ್ಟುಕೊಳ್ಳಬೇಡಿ.